ಕೊರಳಿನ ಅನಗತ್ಯ ರೋಮ: ಉಪಾಯಕ್ಕೆ ಮುನ್ನ ಕಾರಣ

ಅಲಂಕಾರದ ವಿಷಯಗಳನ್ನು ಈ ಅಂಕಣದಲ್ಲಿ ನಾವು ಪ್ರಸ್ತಾಪಿಸುವುದು ವಿರಳ. ಆದರೆ ಹೆಣ್ಣುಮಕ್ಕಳ ಗಲ್ಲದ ಕೆಳಗೆ, ಕೊರಳಿನ ಮೇಲೆ ಬೆಳೆಯುವ ಒರಟು ರೋಮವು ಕೇವಲ ಅಲಂಕಾರದ ಪ್ರಶ್ನೆಯಲ್ಲ. ಅದನ್ನು ಮರೆಮಾಚಲು ಬೇಸಿಗೆಯಲ್ಲಿಯೂ ಕೊರಳಿಗೆ ವೇಲು ಸುತ್ತಿಕೊಳ್ಳುವ ಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ. ಕನ್ಯೆ ನೋಡಲು ಬರುವ ದಿನ ಸಮೀಪಿಸಿದಾಗ ಮಾತ್ರ ಹಿರಿಯರಿಗೆ ಉಪಾಯದ ನೆನಪಾಗುತ್ತದೆ. ಅವಸರದ ಉಪಾಯದಿಂದ ಸುಟ್ಟ ಕಲೆ ಉಳಿಯುವುದೂ ಉಂಟು. ಆದಕಾರಣ ಮೊದಲು ಕಾರಣವನ್ನರಿಯಬೇಕು, ಆಮೇಲೆ ಉಪಾಯವನ್ನಾರಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ನವಿರಾದ ರೋಮ ಎಲ್ಲರಿಗೂ ಸಹಜ. ಕೆಲವರಿಗೆ ವಂಶದಿಂದ ಸ್ವಲ್ಪ ಹೆಚ್ಚಾಗಿ ಬರುತ್ತದೆ. ಆದರೆ ಕಪ್ಪಾದ ದಪ್ಪ ರೋಮದೊಡನೆ ಮುಟ್ಟಿನ ಏರುಪೇರು, ಮೊಡವೆ, ತೂಕದ ಹೆಚ್ಚಳ ಕಂಡುಬಂದರೆ ಅದು ಪಿ.ಸಿ.ಓ.ಎಸ್. ಎಂಬ ಹಾರ್ಮೋನಿನ ತೊಂದರೆಯ ಸೂಚನೆಯಾಗಿರಬಹುದು. ಕೊರಳಿನ ಹಿಂಭಾಗ ಕಪ್ಪಾಗಿ, ಮಖಮಲ್ಲಿನಂತೆ ದಪ್ಪಗಾದರೆ ಅದನ್ನು ಕೊಳೆಯೆಂದು ಉಜ್ಜುತ್ತ ಕೂಡದೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಸುವುದು ಲೇಸು. ಕೆಲವೇ ತಿಂಗಳಲ್ಲಿ ರೋಮ ದಿಢೀರನೆ ಬೆಳೆದು ಧ್ವನಿಯೂ ಗಡುಸಾದರೆ ವೈದ್ಯರನ್ನು ಕಾಣಲು ತಡಮಾಡಬಾರದು.

ಇನ್ನು ತಾತ್ಕಾಲಿಕ ಉಪಾಯಗಳು. ಕ್ಷೌರದಿಂದ ಕೂದಲು ದಪ್ಪವಾಗುತ್ತದೆಂಬ ನಂಬಿಕೆ ನಿಜವಲ್ಲ. ತುದಿ ಮೊಂಡಾಗುವುದರಿಂದ ಹಾಗೆ ತೋರುತ್ತದೆ, ಅಷ್ಟೆ. ಕೊರಳಿನ ರೋಮ ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಬೆಳೆಯುವುದರಿಂದ ಬೆಳವಣಿಗೆಯ ದಿಕ್ಕನ್ನನುಸರಿಸಿಯೇ ಬ್ಲೇಡನ್ನು ಆಡಿಸಬೇಕು. ಇಲ್ಲವಾದರೆ ಕೂದಲು ಚರ್ಮದೊಳಗೇ ಬೆಳೆದು ಗುಳ್ಳೆಗಳೇಳುತ್ತವೆ. ಗಂಡಸರಿಗೂ ಈ ಮಾತು ಅನ್ವಯಿಸುತ್ತದೆ. ಬಿಡಿಬಿಡಿಯಾದ ಕೆಲವೇ ಕೂದಲುಗಳಿಗೆ ಥ್ರೆಡಿಂಗ್ ಸಾಕು. ವ್ಯಾಕ್ಸಿಂಗ್‌ನ ಫಲ ಮೂರು ನಾಲ್ಕು ವಾರ ನಿಲ್ಲುತ್ತದೆ, ಆದರೆ ಕೊರಳಿನ ತೆಳು ಚರ್ಮಕ್ಕೆ ಬಿಸಿ ಮೇಣ ಹಿಡಿಸದೆ ಹೋಗಬಹುದು. ರೋಮನಾಶಕ ಕ್ರೀಮನ್ನು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ಕಾದು ನೋಡಿದ ಮೇಲೆಯೇ ಬಳಸತಕ್ಕದ್ದು. ಬ್ಲೀಚ್ ಬಣ್ಣವನ್ನು ಮರೆಸುತ್ತದೆಯೇ ಹೊರತು ಕೂದಲನ್ನು ತೆಗೆಯುವುದಿಲ್ಲ.

ಲೇಸರ್ ಕೂದಲಿನ ಕಪ್ಪು ಬಣ್ಣವನ್ನು ಹಿಡಿದು ಬೇರನ್ನು ಸುಡುತ್ತದೆ. ನಮ್ಮವರ ಚರ್ಮದಲ್ಲಿಯೂ ಅದೇ ಬಣ್ಣವಿರುವುದರಿಂದ ಯಂತ್ರದ ಆಯ್ಕೆ ಮುಖ್ಯ. ಕಪ್ಪು ಮೈಬಣ್ಣಕ್ಕೆ 1064 ನ್ಯಾನೊಮೀಟರ್ ತರಂಗದ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಸಾಮಾನ್ಯವಾಗಿ ಕೆಲವು ವಾರಗಳ ಅಂತರದಲ್ಲಿ ಆರೆಂಟು ಸಲ ಮಾಡಿಸಬೇಕಾಗುತ್ತದೆ. ಅದಕ್ಕೆ ಮುಂಚಿನ ಒಂದು ತಿಂಗಳು ಕೂದಲನ್ನು ಬೇರುಸಹಿತ ಕೀಳಬಾರದು, ಕ್ಷೌರಕ್ಕೆ ಅಡ್ಡಿಯಿಲ್ಲ. ನರೆತ ಕೂದಲಿಗೆ ಲೇಸರ್ ನಾಟುವುದಿಲ್ಲ. ಕೆಲವರಿಗೆ ಸುತ್ತಲಿನ ನವಿರು ರೋಮ ಹೆಚ್ಚುವುದೂ ಉಂಟು. ಹಾರ್ಮೋನಿನ ತೊಂದರೆ ಉಳಿದಿದ್ದರೆ ಹೊಸ ಕೂದಲು ಮತ್ತೆ ಹುಟ್ಟುತ್ತದೆ. ‘ಒಮ್ಮೆಗೇ ಶಾಶ್ವತ’ ಎಂಬ ಜಾಹೀರಾತನ್ನು ನಂಬಿ ಸಾಲ ಮಾಡಬೇಡಿರಿ. 1875ರಲ್ಲಿ ಅಮೆರಿಕೆಯ ನೇತ್ರವೈದ್ಯ ಚಾರ್ಲ್ಸ್ ಮಿಶೆಲ್ ಒಳಮುಖವಾಗಿ ಬೆಳೆದ ರೆಪ್ಪೆಗೂದಲಿಗೆ ಬಳಸಿದ ಎಲೆಕ್ಟ್ರಾಲಿಸಿಸ್ ಒಂದೊಂದೇ ಕೂದಲಿನ ಬೇರನ್ನು ನಾಶಮಾಡುತ್ತದೆ. ನಿಧಾನವಾದರೂ ಅದು ನರೆಗೂದಲಿಗೂ ಸಲ್ಲುತ್ತದೆ.

ಲಿಂಗಧಾರಿಗಳಾದ ನಮಗೆ ಇನ್ನೊಂದು ಎಚ್ಚರಿಕೆ ಅವಶ್ಯ. ಕೂದಲು ತೆಗೆಸಿದ ಹಸಿ ಚರ್ಮಕ್ಕೆ ಬೆವರಿನಿಂದ ಗಡುಸಾದ ಶಿವದಾರ ಉಜ್ಜಿದರೆ ಉರಿಯೇಳುತ್ತದೆ. ಹಿಂದಿನ ದಿನವೇ ದಾರವನ್ನು ಒಗೆದು ಒಣಗಿಸಿರಿ, ಇಲ್ಲವೆ ಮೃದುವಾದ ಹೊಸ ಹತ್ತಿಯ ದಾರವನ್ನು ಹಾಕಿಕೊಳ್ಳಿರಿ. ಉರಿ ಶಮನವಾಗುವ ತನಕ ಕೊರಳಿಗೆ ವಿಭೂತಿ ಲೇಪಿಸದೆ ಹಣೆಗೆ ಮಾತ್ರ ಧರಿಸಿದರೆ ಚರ್ಮಕ್ಕೆ ಹಿತ.

ಕಡೆಯ ಮಾತೊಂದು ಹಿರಿಯರಿಗೆ. ತೆಗೆಸುವುದೋ ಬಿಡುವುದೋ ಎಂಬ ನಿರ್ಧಾರ ಆ ಮಗಳದೇ ಆಗಲಿ. ಏನನ್ನೂ ಮಾಡದಿರುವುದೂ ಒಂದು ಆಯ್ಕೆಯೇ. ಆದರೆ ವೈದ್ಯರ ತಪಾಸಣೆಯನ್ನು ಮಾತ್ರ ಮದುವೆಯ ಮಾತುಕತೆ ಬರುವವರೆಗೆ ಮುಂದೂಡಬೇಡಿರಿ. ಇಷ್ಟಲಿಂಗವನ್ನು ಧರಿಸುವ ಕೊರಳು ನಾಚಿಕೆಯಿಂದ ಬಾಗಬೇಕಾದುದಿಲ್ಲವೆಂದು ಮೊದಲು ಮನೆಯವರೇ ಆಕೆಗೆ ಹೇಳಲಿ.