ಟ್ಯೂಬ್‌ಲೈಟ್ ಬಿಚ್ಚಿಸಿದ ತಪ್ಪಿಗೆ

ತಡವಾಗಿ ಅರ್ಥ ಮಾಡಿಕೊಳ್ಳುವವನಿಗೆ ನಮ್ಮಲ್ಲಿ ಟ್ಯೂಬ್‌ಲೈಟ್ ಅಂತಾರಲ್ಲ, ಈ ವಿಷಯದಲ್ಲಿ ನಾನು ಅದೇ. ಹೊತ್ತಿಕೊಳ್ಳೋಕೆ ಎರಡು ವರ್ಷ ಬೇಕಾಯ್ತು.

ಮೈಸೂರಿನ ನಮ್ಮ ಮನೆ ಅಪ್ಪ 1996ರಲ್ಲಿ ಕಟ್ಟಿಸಿದ್ದು. ಅಡುಗೆ ಕಟ್ಟೆಯ ನೇರ ಮೇಲೆ, ಸೀಲಿಂಗಿಗೆ ಹೊಡೆದ ನಾಲ್ಕು ಅಡಿಯ ಟ್ಯೂಬ್‌ಲೈಟ್. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಸೀಲಿಂಗಿನೊಳಗೆ ಹುದುಗಿಸಿದ ದೀಪಗಳನ್ನು ನೋಡಿ ಬಂದ ನನಗೆ ಅದು ಯಾಕೋ ಬಡಬಡವಾಗಿ ಕಾಣಿಸ್ತು. ಬೋನಸ್ ಬಂತು, ಫಾಲ್ಸ್ ಸೀಲಿಂಗ್ ಮಾಡಿಸಿದೆ. ಆರು ತೂತು, ಆರು ಡೌನ್‌ಲೈಟು. ಅಮ್ಮ "ಚೆನ್ನಾಗಿದೆ ಕಣೋ" ಅಂದ್ರು. ಮಗನ ದುಡ್ಡು ನೋಡಿ, ಹಾಗನ್ನದೆ ಇನ್ನೇನು ಅಂತಾರೆ?

ಈಗ ಲೆಕ್ಕ ನೋಡಿ. ಹಳೇ ಟ್ಯೂಬು 36 ವ್ಯಾಟು, ತಾಮ್ರದ ಚೋಕ್ ಸೇರಿದರೆ 45ಕ್ಕೂ ಮೇಲೆ. ನನ್ನ 'ಕರೆಂಟು ಉಳಿಸುವ' ಡೌನ್‌ಲೈಟು 12 ವ್ಯಾಟಿನವು ಆರು, ಅಂದರೆ 72! ಅದೇ ಜಾಗಕ್ಕೆ 20 ವ್ಯಾಟಿನ ಎಲ್‌ಇಡಿ ಪಟ್ಟಿ ಹಾಕಿದ್ದರೆ ಅರ್ಧಕ್ಕಿಂತ ಹೆಚ್ಚು ಉಳೀತಿತ್ತು, ಒಂದು ತೂತೂ ಕೊರೆಯದೆ. ಎಲ್‌ಇಡಿ ಬೇರೆ, ಹುದುಗಿಸಿದ ದೀಪ ಬೇರೆ. ಮೊದಲನೆಯದರ ಒಳ್ಳೇ ಹೆಸರಲ್ಲಿ ಎರಡನೆಯದನ್ನು ನಮಗೆ ಮಾರ್ತಾರೆ.

ಅಮೆರಿಕದಲ್ಲಿ ಈ ದೀಪಕ್ಕೆ ಅರ್ಥ ಇದೆ. ಅಲ್ಲಿನ ಮನೆಗಳಲ್ಲಿ ಮರದ ತೊಲೆ, ಕೆಳಗೆ ಜಿಪ್ಸಂ ಹಲಗೆ, ನಡುವೆ ಖಾಲಿ ಜಾಗ. ಇರುವ ಜಾಗಕ್ಕೆ ದೀಪ ಕೂರಿಸ್ತಾರೆ. ನಮ್ಮದು ಮೋಲ್ಡ್ ಹಾಕಿದ ಮನೆ, ಖಾಲಿ ಜಾಗವೇ ಇಲ್ಲ. ಹಾಗಾಗಿ ಎತ್ತರ ಅರ್ಧ ಅಡಿ ಕಳ್ಕೊಂಡು ಸುಳ್ಳು ಸೂರು ಇಳಿಬಿಟ್ಟು, ಅದಕ್ಕೆ ತೂತು ಕೊರೀತೀವಿ. ಚಪ್ಪಲಿಗೆ ತಕ್ಕಂತೆ ಕಾಲು ಕೆತ್ತಿಸಿಕೊಂಡ ಹಾಗೆ. ತಮಾಷೆ ಅಂದರೆ ಅಲ್ಲಿನ ಹಳೇ ದೀಪದ ಡಬ್ಬಿಯೊಳಗೆ ತಿರುಪಿನ ಹೋಲ್ಡರ್ ಇರುತ್ತೆ, ಬಲ್ಬು ಸುಟ್ಟರೆ ಬಲ್ಬು ಮಾತ್ರ ಬದಲಾಯಿಸಬಹುದು. ನಾವು ತೂತು ತಗೊಂಡ್ವಿ, ಹೋಲ್ಡರ್ ಬಿಟ್ಟು ಬಂದ್ವಿ.

ಹದಿನಾಲ್ಕನೇ ತಿಂಗಳಿಗೆ ಒಂದು ದೀಪ ಮಿಣಮಿಣ ಅಂದು ಸತ್ತಿತು. ಡ್ರೈವರ್ ಹೋಗಿತ್ತು. ಅಂಗಡಿಗೆ ಹೋದರೆ ಆ ಮಾಡೆಲ್ ನಿಂತುಹೋಗಿದೆ, ಬೇರೆಯದು ಆ ತೂತಿಗೆ ಕೂರಲ್ಲ. ಇದು ನನ್ನಂಥ ಇಂಜಿನಿಯರಿಗೆ ನಾಚಿಕೆಯ ವಿಷಯ. ನಮ್ಮ ಎರಡು ಪಿನ್ನಿನ ಬಿ22 ಹೋಲ್ಡರಿಗೆ ಯಾವ ಕಂಪನಿಯ ಬಲ್ಬಾದರೂ ಕೂರುತ್ತೆ. 2015ರಲ್ಲಿ ಶುರುವಾದ ಉಜಾಲಾ ಯೋಜನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ತಾತನ ಕಾಲದ ಹೋಲ್ಡರಿಗೂ ಸಲೀಸಾಗಿ ಕೂತಿತು. ಸ್ಟ್ಯಾಂಡರ್ಡ್ ಅಂದರೆ ಅದು. ಆಫೀಸಲ್ಲಿ ದಿನಾ ಅದರ ಬಗ್ಗೆ ಭಾಷಣ ಬಿಗಿಯುವ ನಾನು, ಮನೆಯಲ್ಲಿ ಅದನ್ನೇ ಕಿತ್ತು ಬಿಸಾಕಿದೆ.

ಟ್ಯೂಬು ಮಿಣುಕಿದರೆ ಅಪ್ಪ ಸ್ಟೂಲು ಹತ್ತಿ ಸ್ಟಾರ್ಟರ್ ತಿರುಗಿಸ್ತಿದ್ರು. ಈಗ ನನಗೆ ಫೋನ್ ಮಾಡ್ತಾರೆ. ನಾನು 'ಎಲೆಕ್ಟ್ರಿಷಿಯನ್ ಕಳಿಸ್ತೀನಪ್ಪ' ಅಂತೀನಿ. ಅವರ ಮನೆಯ ದೀಪ ಅವರ ಕೈತಪ್ಪಿ ಹೋಗಿದೆ.

ಹೋದ ತಿಂಗಳು ಊರಿಗೆ ಹೋದಾಗ ಅಮ್ಮ ಮಧ್ಯಾಹ್ನ ಮೂರಕ್ಕೇ ಹಿತ್ತಿಲ ಬಾಗಿಲಲ್ಲಿ ಕೂತು ರಾತ್ರಿಯ ಸಾರಿಗೆ ಬೀನ್ಸ್ ಹೆಚ್ಚುತ್ತಿದ್ದರು. ಯಾಕಮ್ಮ ಅಂದೆ. "ಸಂಜೆ ಕಟ್ಟೆ ಮೇಲೆ ನನ್ನ ನೆರಳೇ ಬೀಳುತ್ತೆ ಕಣೋ, ಬೆರಳು ಯಾವುದು ಬೀನ್ಸ್ ಯಾವುದು ಗೊತ್ತಾಗಲ್ಲ." ಡೌನ್‌ಲೈಟುಗಳೆಲ್ಲ ಅವರ ಬೆನ್ನ ಹಿಂದೆ. ನಾಲ್ಕು ಅಡಿಯ ಟ್ಯೂಬಿನ ನೆರಳು ತೆಳು, ಪುಟ್ಟ ದೀಪದ ನೆರಳು ಕಡುಗಪ್ಪು. ಎರಡು ವರ್ಷ ಅವರು ಒಂದು ಮಾತೂ ಹೇಳಿರಲಿಲ್ಲ.

ಮುಂದಿನ ಶನಿವಾರ ಕಟ್ಟೆಯ ಮೇಲೆ ಒಂದು ಎಲ್‌ಇಡಿ ಪಟ್ಟಿ ಹೊಡೀತೀನಿ, ನಾನೇ. ಮನೆಗೆ ಫಾಲ್ಸ್ ಸೀಲಿಂಗ್ ಮಾಡಿಸಲು ಹೊರಟಿರುವ ಗೆಳೆಯರೇ, ಡಿಸೈನರ್‌ನ ಆಮೇಲೆ ಕೇಳಿ. ಮೊದಲು ಸಂಜೆ ಏಳಕ್ಕೆ ಅಡುಗೆಮನೆಯಲ್ಲಿ ನಿಂತಿರೋರನ್ನ ಕೇಳಿ.