ತೂಕಕ್ಕೆ ಮುದ್ರೆಯುಂಟು, ಸಮಯಕ್ಕೆ?

ತಕ್ಕಡಿ ಹಾಗೂ ತೂಕದ ಬಟ್ಟುಗಳನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷೆಗೊಳಪಡಿಸಿ ಮುದ್ರೆ ಹಾಕಿಸುವುದು ವರ್ತಕರಿಗೆ ರೂಢಿಯಾದ ಶಿಸ್ತು. ಆದರೆ ಬಿಲ್ಲು, ಹಾಜರಿ, ದಾಸ್ತಾನುಗಳ ಮೇಲೆ ದಿನಾಂಕ ಮತ್ತು ವೇಳೆಯನ್ನು ನಮೂದಿಸುವ ಕಂಪ್ಯೂಟರಿನ ಗಡಿಯಾರವನ್ನು ಪರೀಕ್ಷಿಸುವವರು ವಿರಳ. ಸಮಯವೂ ಒಂದು ಅಳತೆಯೇ. ಅದಕ್ಕೂ ಅದೇ ಶಿಸ್ತು ಸಲ್ಲಬೇಕು.

ಕಂಪ್ಯೂಟರ್ ವೇಳೆಯನ್ನು ಎಣಿಸುವುದು ಕ್ವಾರ್ಟ್ಸ್ ಹರಳಿನ ಕಂಪನದಿಂದ. ಉಷ್ಣತೆ ಬದಲಾದಂತೆ ಈ ಕಂಪನವೂ ತುಸು ಬದಲಾಗುತ್ತದೆ. ಹತ್ತು ಲಕ್ಷದಲ್ಲಿ 20 ಭಾಗದಷ್ಟು ದೋಷವಿದ್ದರೂ ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ 50 ಸೆಕೆಂಡಿಗೂ ಮಿಕ್ಕಿ ವ್ಯತ್ಯಾಸ ಬೀಳುತ್ತದೆ. ಒಳಗಿನ ಪುಟ್ಟ ಬ್ಯಾಟರಿ ಮುಗಿದರಂತೂ ದಿನಾಂಕವೇ ವರ್ಷಗಳಷ್ಟು ಹಿಂದಕ್ಕೆ ಸರಿಯಬಹುದು. ಆಗ ಭದ್ರತಾ ಪ್ರಮಾಣಪತ್ರದ ಅವಧಿ ಹೊಂದುತ್ತಿಲ್ಲವೆಂದು ಜಿಎಸ್‌ಟಿ ಅಥವಾ ಬ್ಯಾಂಕಿನ ಜಾಲತಾಣವನ್ನು ಬ್ರೌಸರ್ ತಡೆಯುತ್ತದೆ. ಇ-ಟೆಂಡರಿನ ಕೊನೆಯ ಗಳಿಗೆಯನ್ನು ನಿರ್ಧರಿಸುವುದು ಪೋರ್ಟಲಿನ ಗಡಿಯಾರ. ನಮ್ಮದು ಮೂರು ನಿಮಿಷ ಹಿಂದಿದ್ದರೆ ನಷ್ಟ ನಮ್ಮದೇ. ಗೋದಾಮಿನಲ್ಲಿ ಕಳವಾದಾಗ ಕ್ಯಾಮೆರಾದ ವೇಳೆಯೂ ಬಿಲ್ಲಿನ ವೇಳೆಯೂ ತಾಳೆಯಾಗದಿದ್ದರೆ ಸಾಕ್ಷ್ಯ ದುರ್ಬಲವಾಗುತ್ತದೆ.

ಇದಕ್ಕೆ ಪರಿಹಾರ ಹೊಸದೇನಲ್ಲ. ಅಮೆರಿಕದ ಡೆಲಾವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ಅವರು ರೂಪಿಸಿದ ಎನ್‌ಟಿಪಿ ವಿಧಾನದ ವಿವರಣೆ 1985ರಲ್ಲಿಯೇ ಪ್ರಕಟವಾಯಿತು. ನಮ್ಮ ಯಂತ್ರ ಸಮಯದ ಸರ್ವರನ್ನು ಕೇಳುತ್ತದೆ. ಸಂದೇಶ ಹೊರಟ ಮತ್ತು ತಲುಪಿದ ವೇಳೆಗಳನ್ನು ಎರಡೂ ಕಡೆ ಗುರುತಿಸಿ, ಪ್ರಯಾಣದ ವಿಳಂಬವನ್ನು ಲೆಕ್ಕಹಾಕಿ ಗಡಿಯಾರವನ್ನು ಸರಿಪಡಿಸಿಕೊಳ್ಳುತ್ತದೆ. ಭಾರತೀಯ ಕಾಲಮಾನವನ್ನು ಪರಮಾಣು ಗಡಿಯಾರಗಳಿಂದ ಕಾಯುವ ಸಂಸ್ಥೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಈ ಪ್ರಯೋಗಾಲಯದ ಅಥವಾ ಎನ್‌ಐಸಿಯ ಸಮಯಕ್ಕೆ ಉದ್ದಿಮೆಗಳ ಗಣಕ ವ್ಯವಸ್ಥೆಗಳು ಹೊಂದಿಕೊಂಡಿರಬೇಕೆಂದು ಸರ್ಟ್-ಇನ್ ಸಂಸ್ಥೆ 28 ಏಪ್ರಿಲ್ 2022ರಂದು ನಿರ್ದೇಶನ ನೀಡಿತು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ 25 ಸೆಪ್ಟೆಂಬರ್ 2022ರವರೆಗೆ ಕಾಲಾವಕಾಶ ದೊರೆತಿತ್ತು.

ಮೊಬೈಲ್ ನೋಡಿ ಕೈಯಿಂದಲೇ ಸರಿಪಡಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಮರುದಿನದಿಂದಲೇ ವ್ಯತ್ಯಾಸ ಪುನಃ ಆರಂಭವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾರು ಬೇಕಾದರೂ ಹಿಂದೆ ಮುಂದೆ ಮಾಡಬಹುದಾದ ಗಡಿಯಾರ ಪೆನ್ಸಿಲಿನಲ್ಲಿ ಬರೆದ ಖಾತೆ ಪುಸ್ತಕವಿದ್ದಂತೆ. ಲೆಕ್ಕಪತ್ರದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕಸಹಿತ ದಾಖಲಾಗಬೇಕೆಂಬ ನಿಯಮ ಕಂಪನಿಗಳಿಗೆ 1 ಏಪ್ರಿಲ್ 2023ರಿಂದ ಜಾರಿಗೆ ಬಂದಿದೆ. ಗಡಿಯಾರವೇ ಸುಳ್ಳಾದರೆ ಆ ದಾಖಲೆಗೆ ಬೆಲೆಯೇನು?

ವಿಂಡೋಸ್ 10 ಮತ್ತು 11ರ ದಿನಾಂಕ-ಸಮಯದ ಪುಟದಲ್ಲಿ ಸ್ವಯಂಚಾಲಿತ ಹೊಂದಾಣಿಕೆಯ ಆಯ್ಕೆ ಇದೆ. ಕ್ಯಾಮೆರಾ ರೆಕಾರ್ಡರುಗಳಲ್ಲಿಯೂ ಎನ್‌ಟಿಪಿ ಸೌಲಭ್ಯ ಸಾಮಾನ್ಯವಾಗಿರುತ್ತದೆ. ಸಮಯ ಬದಲಿಸುವ ಅಧಿಕಾರವನ್ನು ಒಬ್ಬ ಜವಾಬ್ದಾರಿಯುತ ನೌಕರನಿಗೆ ಮಾತ್ರ ನೀಡಿ, ತಿಂಗಳಿಗೊಮ್ಮೆ ತಪಾಸಣೆಯ ವಹಿಯಲ್ಲಿ ಸಹಿ ಪಡೆಯುವುದು ಸೂಕ್ತ. ವಾಣಿಜ್ಯ ಸಂಸ್ಥೆಗಳೂ ತಮ್ಮ ತರಬೇತಿ ಶಿಬಿರಗಳಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ಮೀಸಲಿಡಲಿ. ಖರ್ಚು ಅತ್ಯಲ್ಪ, ಅದರಿಂದ ಉಳಿಯುವ ವಿಶ್ವಾಸ ಅಮೂಲ್ಯ.