ಟೋಕಿಯೋದ 6000 ಶ್ರೇಣಿಯ ರೈಲು: ಹಳೆಯ ಯಂತ್ರದ ನಿಜವಾದ ಬೆಲೆ

ಲೆಕ್ಕಪತ್ರದಲ್ಲಿ ಯಂತ್ರವೊಂದರ ಮೌಲ್ಯ ವರ್ಷದಿಂದ ವರ್ಷಕ್ಕೆ ಸವೆಯುತ್ತ ಹೋಗಿ ಕೊನೆಗೆ ಗುಜರಿಯ ಬೆಲೆಗೆ ಇಳಿಯುತ್ತದೆ. ಆದರೆ ಯಂತ್ರದ ದುಡಿಮೆಯೂ ಅದೇ ವೇಗದಲ್ಲಿ ಸವೆಯಬೇಕೆಂಬ ನಿಯಮವಿಲ್ಲ. ಜಪಾನಿನ ರಾಜಧಾನಿ ಟೋಕಿಯೋದ ಸುರಂಗ ರೈಲು ಜಾಲದಲ್ಲಿ 1971ರಿಂದ 2018ರವರೆಗೆ ದುಡಿದ 6000 ಶ್ರೇಣಿಯ ರೈಲುಗಳು ಇದಕ್ಕೆ ಉತ್ತಮ ನಿದರ್ಶನ. ಅವುಗಳಲ್ಲಿ ಅನೇಕವು ಅಲ್ಲಿ ನಿವೃತ್ತಿ ಹೊಂದಿದ ಬಳಿಕ ಇಂಡೋನೇಷ್ಯಾದ ಜಕಾರ್ತಾ ನಗರದಲ್ಲಿ ಎರಡನೆಯ ಬಾರಿ ಸೇವೆಗೆ ಸೇರಿದವು. ಹಳೆಯ ಯಂತ್ರ ಮಾರುವವನಿಗೂ ಕೊಳ್ಳುವವನಿಗೂ ಈ ಎರಡು ಬದುಕುಗಳಲ್ಲಿ ಪಾಠಗಳಿವೆ.

ಟೋಕಿಯೋದ ಚಿಯೋದಾ ಮಾರ್ಗದ ಮೊದಲ ಭಾಗವು 1969ರ ಡಿಸೆಂಬರ್ 20ರಂದು ತೆರೆಯಿತು. ಆ ಮಾರ್ಗಕ್ಕೆಂದೇ 6000 ಶ್ರೇಣಿಯನ್ನು ರೂಪಿಸಲಾಯಿತು. ಆಗಿನ ವಿದ್ಯುತ್ ರೈಲುಗಳಲ್ಲಿ ವೇಗದ ನಿಯಂತ್ರಣಕ್ಕೆ ಪ್ರತಿರೋಧಕಗಳನ್ನು ಬಳಸುವುದು ರೂಢಿ. ಅವುಗಳ ಮೂಲಕ ವಿದ್ಯುತ್ತಿನ ಒಂದಂಶವು ಶಾಖವಾಗಿ ವ್ಯರ್ಥವಾಗುತ್ತಿತ್ತು. ಆ ಶಾಖವು ಸುರಂಗದೊಳಗೇ ಉಳಿದು ಪ್ರಯಾಣಿಕರಿಗೆ ಸೆಕೆಯ ಕಾಟವಾಗುತ್ತಿತ್ತು. ಹೊಸ ರೈಲಿನಲ್ಲಿ ಇದರ ಬದಲು ಥೈರಿಸ್ಟರ್ ಆಧಾರಿತ ಚಾಪರ್ ವ್ಯವಸ್ಥೆಯನ್ನು ಅಳವಡಿಸಲಾಯಿತು. ಇದು ವಿದ್ಯುತ್ತನ್ನು ಅತಿ ವೇಗವಾಗಿ ಹರಿಸಿ ತಡೆದು ಮೋಟಾರಿಗೆ ಬೇಕಾದಷ್ಟನ್ನೇ ನೀಡುತ್ತದೆ. ಬ್ರೇಕ್ ಹಾಕುವಾಗ ಮೋಟಾರೇ ಜನರೇಟರ್ ಆಗಿ ವಿದ್ಯುತ್ತನ್ನು ತಂತಿಗೆ ಮರಳಿಸುತ್ತದೆ. 1968 ಮತ್ತು 1969ರಲ್ಲಿ ಎರಡು ಮಾದರಿ ರೈಲುಗಳನ್ನು ನಿರ್ಮಿಸಿ ಪರೀಕ್ಷಿಸಿದ ಮೇಲೆಯೇ ದೊಡ್ಡ ಪ್ರಮಾಣದ ತಯಾರಿಕೆಗೆ ಕೈಹಾಕಲಾಯಿತು ಎಂಬುದು ಗಮನಾರ್ಹ.

ತಯಾರಿಕೆ 1990ರವರೆಗೆ ನಡೆದು ಒಟ್ಟು 353 ಬೋಗಿಗಳು ಹೊರಬಂದವು. ಇಪ್ಪತ್ತು ವರ್ಷಗಳಷ್ಟು ಕಾಲ ಒಂದೇ ಮೂಲ ವಿನ್ಯಾಸಕ್ಕೆ ಅಂಟಿಕೊಂಡದ್ದರಿಂದ ಬಿಡಿಭಾಗಗಳ ದಾಸ್ತಾನು, ಕಾರ್ಮಿಕರ ತರಬೇತಿ, ದುರಸ್ತಿಯ ಕ್ರಮ ಎಲ್ಲವೂ ಸರಳವಾದವು. ಹೊರಕವಚ ಅಲ್ಯೂಮಿನಿಯಂನದಾದ್ದರಿಂದ ಬೋಗಿ ಹಗುರ. ಉಕ್ಕಿನಂತೆ ತುಕ್ಕು ಹಿಡಿಯುವ ಭಯವೂ ಇಲ್ಲ.

ಆದರೆ ವಿನ್ಯಾಸವೊಂದರಿಂದಲೇ ಯಂತ್ರ ಅರ್ಧ ಶತಮಾನ ಬಾಳುವುದಿಲ್ಲ. ಮೊದಲಿಗೆ ಈ ರೈಲುಗಳಲ್ಲಿ ಹವಾನಿಯಂತ್ರಣ ಇರಲಿಲ್ಲ. 1988ರಿಂದ ಅದನ್ನು ಅಳವಡಿಸಲಾಯಿತು. ಬಾಗಿಲು, ಕಿಟಕಿ, ಒಳಾಂಗಣಗಳು ನವೀಕರಣಗೊಂಡವು. ಅನೇಕ ರೈಲುಗಳಲ್ಲಿ ಒಂದು ಕಾಲಕ್ಕೆ ಹೊಸತೆನಿಸಿದ್ದ ಚಾಪರನ್ನೇ ತೆಗೆದು ಇನ್ವರ್ಟರ್ ವ್ಯವಸ್ಥೆಯನ್ನು ಕೂರಿಸಲಾಯಿತು. 1968ರ ಮೂರು ಬೋಗಿಗಳ ಮೊದಲ ಮಾದರಿಯನ್ನೂ ಮೂಲೆಗೆ ತಳ್ಳಲಿಲ್ಲ. ಅಯಾಸೆಯಿಂದ ಕಿತಾ-ಅಯಾಸೆಗೆ ಹೋಗುವ 2.1 ಕಿಲೋಮೀಟರಿನ ಪುಟ್ಟ ಶಾಖೆಯಲ್ಲಿ ಅದು 2014ರವರೆಗೆ ಓಡಿತು. ದೊಡ್ಡ ಕೆಲಸಕ್ಕೆ ಒದಗದ ಯಂತ್ರಕ್ಕೆ ಅದರ ಶಕ್ತಿಗೆ ತಕ್ಕ ಚಿಕ್ಕ ಕೆಲಸ ಹುಡುಕಿಕೊಡುವುದೂ ಒಂದು ಆಡಳಿತ ಕೌಶಲ.

ಸುರಂಗ ರೈಲನ್ನು ನಡೆಸುತ್ತಿದ್ದ ಸಾರ್ವಜನಿಕ ಪ್ರಾಧಿಕಾರವು 2004ರಲ್ಲಿ ಟೋಕಿಯೋ ಮೆಟ್ರೋ ಕಂಪನಿಯಾಯಿತು. 2010ರಿಂದ 16000 ಶ್ರೇಣಿಯ ಹೊಸ ರೈಲುಗಳು ಬರತೊಡಗಿದಂತೆ ಹಳೆಯವು ಹಂತಹಂತವಾಗಿ ತೆರವಾದವು. 2018ರ ನವೆಂಬರ್ 11ರಂದು 6000 ಶ್ರೇಣಿ ಟೋಕಿಯೋದಲ್ಲಿ ಕೊನೆಯ ಬಾರಿ ಪ್ರಯಾಣಿಕರನ್ನು ಹೊತ್ತಿತು.

ಅಷ್ಟು ಹೊತ್ತಿಗೆ ಅದರ ಅನೇಕ ಬೋಗಿಗಳು ಹಡಗೇರಿ ಜಕಾರ್ತಾ ಸೇರಿ ಏಳು ವರ್ಷಗಳೇ ಆಗಿದ್ದವು. ಅಲ್ಲಿನ ಉಪನಗರ ರೈಲು ಕಂಪನಿ 2011ರಿಂದ ಈ ಶ್ರೇಣಿಯನ್ನು ತರಿಸಿಕೊಂಡಿತು. ವ್ಯಾಪಾರ ಕುದುರಿದ್ದಕ್ಕೆ ಅಗ್ಗದ ಬೆಲೆಯೊಂದೇ ಕಾರಣವಲ್ಲ. ಚಿಯೋದಾ ಮಾರ್ಗದ ಹಳಿಗಳ ಅಂತರ 1067 ಮಿಲಿಮೀಟರ್, ವಿದ್ಯುತ್ 1500 ವೋಲ್ಟ್ ಡಿ.ಸಿ., ಪೂರೈಕೆ ಮೇಲಿನ ತಂತಿಯಿಂದ, ಜಕಾರ್ತಾದಲ್ಲೂ ಹಾಗೆಯೇ. ಅದೇ ಟೋಕಿಯೋದ ಮರುನೌಚಿ ಮಾರ್ಗದ್ದು ಅಗಲ ಹಳಿ, ವಿದ್ಯುತ್ ನೆಲಮಟ್ಟದ ಮೂರನೆಯ ಹಳಿಯಿಂದ. ಹಾಗಾಗಿ ಆ ಮಾರ್ಗದ ಹಳೆಯ ಕೆಂಪು ರೈಲುಗಳಿಗೆ 1990ರ ದಶಕದಲ್ಲಿ ದೂರದ ಬ್ಯೂನಸ್ ಐರಿಸ್ ನಗರದಲ್ಲಿ ಗಿರಾಕಿ ದೊರೆಯಿತು. ಮರುಮಾರಾಟದ ಮಾರುಕಟ್ಟೆಯನ್ನು ನಿರ್ಧರಿಸುವುದು ಯಂತ್ರದ ವಯಸ್ಸಿಗಿಂತ ಅದರ ಅಳತೆ ಮತ್ತು ಮಾನದಂಡ.

ಜಕಾರ್ತಾದಲ್ಲಿ ಈ ರೈಲುಗಳಿಗೆ ಹೊಸ ಬಣ್ಣ ಬಂತು. ತಗ್ಗಿನ ಪ್ಲಾಟ್‌ಫಾರಂಗಳಿಗಾಗಿ ಬಾಗಿಲ ಕೆಳಗೆ ಮೆಟ್ಟಿಲು, ಕಲ್ಲೆಸೆತದಿಂದ ಕಾಯಲು ಮುಂಗಾಜಿಗೆ ಜಾಲರಿ ಬಂದವು. ಇಂಥ ಜಪಾನೀ ರೈಲುಗಳ ಬಲದಿಂದಲೇ 2013ರಲ್ಲಿ ಹವಾನಿಯಂತ್ರಣವಿಲ್ಲದ ಅಗ್ಗದ ದರ್ಜೆಯ ರೈಲುಗಳನ್ನು ನಿಲ್ಲಿಸಲು ಸಾಧ್ಯವಾಯಿತು. ಜನ ರೈಲಿನ ಛಾವಣಿಯ ಮೇಲೆ ಕುಳಿತು ಪ್ರಯಾಣಿಸುತ್ತಿದ್ದ ನಗರದಲ್ಲಿ ಇದು ಸಣ್ಣ ಮಾತಲ್ಲ. 2019ರಲ್ಲಿ ಅಲ್ಲಿನ ಉಪನಗರ ರೈಲುಗಳಲ್ಲಿ ವರ್ಷಕ್ಕೆ 33 ಕೋಟಿಗೂ ಮಿಕ್ಕಿ ಪ್ರಯಾಣಗಳು ನಡೆದವು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಸೆಕೆಂಡ್‌ಹ್ಯಾಂಡ್ ಯಂತ್ರ ತನ್ನ ಹಿಂದಿನ ವಯಸ್ಸನ್ನು ಬಂದರಿನಲ್ಲಿ ಇಳಿಸಿ ಬರುವುದಿಲ್ಲ. ಕಾಲ ಕಳೆದಂತೆ ಬಿಡಿಭಾಗಗಳ ಕೊರತೆ ಕಾಡಿತು. ಕೆಲವು ಬೋಗಿಗಳನ್ನು ಕಳಚಿ ಉಳಿದವನ್ನು ಓಡಿಸಬೇಕಾಯಿತು. ಹಳೆಯವುಗಳ ಜಾಗಕ್ಕೆ ಮತ್ತೆ ಬಳಸಿದ ಜಪಾನೀ ರೈಲುಗಳನ್ನೇ ತರಲು 2023ರಲ್ಲಿ ಕಂಪನಿ ಮುಂದಾದಾಗ ವಿವಾದ ಎದ್ದಿತು. ಮಾಡಿಯೂನ್ ನಗರದ ಸರ್ಕಾರಿ ರೈಲು ಕಾರ್ಖಾನೆ ಇನ್ಕಾಗೆ ಕೆಲಸ ಸಿಗಬೇಕೆಂಬುದು ಒಂದು ವಾದ. ಹೊಸ ರೈಲು ಸಿದ್ಧವಾಗಲು ವರ್ಷಗಳು ಬೇಕು, ಅಲ್ಲಿಯವರೆಗೆ ಪ್ರಯಾಣಿಕರ ಗತಿಯೇನೆಂಬುದು ಇನ್ನೊಂದು. ಕೊನೆಗೆ ಬಳಸಿದ ರೈಲುಗಳ ಆಮದಿಗೆ ಒಪ್ಪಿಗೆ ದೊರೆಯಲಿಲ್ಲ. ಇನ್ಕಾಗೆ ಹೊಸ ರೈಲುಗಳ ಬೇಡಿಕೆ ಹೋಯಿತು. ತುರ್ತಿಗಾಗಿ 2024ರಲ್ಲಿ ಚೀನಾದ ಸಿ.ಆರ್.ಆರ್.ಸಿ. ಕಂಪನಿಯೊಡನೆ ಹೊಸ ರೈಲುಗಳ ಒಪ್ಪಂದವೂ ಆಯಿತು. ದೇಶೀಯ ಉದ್ಯಮದ ರಕ್ಷಣೆಗೆಂದು ಆರಂಭವಾದ ವಾದವು ಭಾಗಶಃ ಬೇರೊಂದು ವಿದೇಶಿ ಕಂಪನಿಗೆ ಲಾಭವಾಗಿ ಕೊನೆಗೊಂಡಿತು.

ಇದರಿಂದ ಹಳೆಯ ರೈಲು ಕೊಂಡದ್ದೇ ತಪ್ಪೆಂದು ತೀರ್ಮಾನಿಸುವುದು ಸರಿಯಲ್ಲ. ಹೊಸ ರೈಲಿಗೆ ಹಣ ಕೂಡುವವರೆಗೆ ಕಾದಿದ್ದರೆ ಜಕಾರ್ತಾದ ಒಂದು ಪೀಳಿಗೆಯ ನೌಕರರು, ವಿದ್ಯಾರ್ಥಿಗಳು ಛಾವಣಿಯ ಮೇಲೆಯೇ ಪ್ರಯಾಣ ಮಾಡಬೇಕಿತ್ತು. ತಪ್ಪಿದ್ದು ಬೇರೆ ಕಡೆ. ಅಗ್ಗದ ರೈಲು ಒದಗಿಸಿದ ಕಾಲಾವಕಾಶ ಒಂದು ಸಾಲವಿದ್ದಂತೆ. ಆ ಅವಧಿಯಲ್ಲಿ ಸ್ವದೇಶಿ ಕಾರ್ಖಾನೆಗೆ ಮುಂಗಡ ಬೇಡಿಕೆ ನೀಡಿ ಅದನ್ನು ಸಜ್ಜುಗೊಳಿಸಬೇಕಿತ್ತು. ಆ ಬೇಡಿಕೆ ತಡವಾಗಿ ಬಂದದ್ದರಿಂದ ಸಾಲ ತೀರಿಸುವ ದಿನ ಕೈ ಬರಿದಾಗಿತ್ತು.

ಹಳೆಯ ಯಂತ್ರ ಕೊಳ್ಳುವ ಪ್ರತಿಯೊಬ್ಬ ಉದ್ಯಮಿಯೂ ಬೆಲೆಯ ಜೊತೆಗೆ ಮೂರು ಪ್ರಶ್ನೆ ಕೇಳಬೇಕು: ಅದು ತನ್ನ ಕಾರ್ಖಾನೆಯ ಮಾನದಂಡಕ್ಕೆ ಹೊಂದುವುದೇ? ಬಿಡಿಭಾಗ ಮತ್ತು ದುರಸ್ತಿಯ ಜ್ಞಾನ ಎಷ್ಟು ವರ್ಷ ದೊರೆಯುವುದು? ಅದು ನಿವೃತ್ತಿಯಾಗುವ ದಿನ ಅದರ ಜಾಗಕ್ಕೆ ಬರುವುದು ಯಾವುದು? ಜಕಾರ್ತಾ ಮೊದಲನೆಯದಕ್ಕೆ ಸರಿಯಾದ ಉತ್ತರ ಕಂಡಿತು, ಎರಡನೆಯದಕ್ಕೆ ಅರ್ಧ ಉತ್ತರ ಹೊಂದಿಸಿತು, ಮೂರನೆಯದನ್ನು ಮುಂದೂಡಿತು. ಟೋಕಿಯೋ ಮಾತ್ರ ಹಳೆಯ ರೈಲು ತೆರವಾಗುವ ಮೊದಲೇ ಹೊಸದನ್ನು ಹಳಿಯ ಮೇಲೆ ನಿಲ್ಲಿಸಿತ್ತು. ಎರಡು ನಗರಗಳ ನಡುವಿನ ಅಂತರ ಕೇವಲ ಹಣದ್ದಲ್ಲ, ಮುಂದಾಲೋಚನೆಯದೂ ಹೌದು. ಮುಂದಾಲೋಚನೆಯನ್ನು ಯಾವ ದೇಶವೂ ಸೆಕೆಂಡ್‌ಹ್ಯಾಂಡ್ ಬೆಲೆಗೆ ಆಮದು ಮಾಡಿಕೊಳ್ಳಲಾರದು.